ಬಾಯೊಳಗಿನ ಬೆರಳು

ಲವಂಗದೆಣ್ಣೆಯ ವಾಸನೆ, ಅದರಡಿ ಇನ್ನೇನೋ ಕಟುವಾದದ್ದು, ಔಷಧವೋ ವಿಷವೋ, ಶೀಸೆಯ ಮೇಲಿನ ಅಕ್ಷರ ನನಗೆ ಓದಲು ಬಾರದು, ಅದನ್ನು ಬೆರಳಿಗೆ ಹಚ್ಚಿಕೊಳ್ಳುತ್ತ ಈ ನರ್ಸ್ ಅನ್ವರಿ ಬೇಗಂ ನನ್ನ ಮುಖವನ್ನೇಕೆ ನೋಡುತ್ತಾಳೆ, ನೋಡಲಿ, ನನಗೇನು ಭಯ, ಮಗಳು ಮೀರಾ ತೊಡೆಯ ಮೇಲೆ ಕೆಂಡದಂತೆ ಸುಡುತ್ತಿದ್ದಾಳೆ, ದವಡೆಯ ಬಾವು ಕಣ್ಣಿಗೇರಿದೆ, ಊರಲ್ಲಿ ಹಲ್ಲಿನ ಹುಳ ಬೀಳಲೆಂದು ಗುಳ್ಳದ ಬೀಜದ ಹೊಗೆ ಹಾಕಿಸಿದೆ, ಹುಳ ಬಿದ್ವು ನೋಡವ್ವಾ ಎಂದಳು ಮುದುಕಿ, ಸುಳ್ಳಿ, ಬೀದರಿನ ದವಾಖಾನಿಗೆ ಒಯ್ಯಿ, ತಾಯಿ-ಮಕ್ಕಳ ಹಲ್ಲು ಪುಕಟ ನೋಡ್ತಾರ ಎಂದ ಗಂಡ, ಪುಕಟ ಏಕೆ, ಯಾವ ಸರ್ಕಾರ ಏನು ಪುಕಟ ಕೊಟ್ಟಿದೆ — ಹೊರಗೆ ಪಾಳಿಯಲ್ಲಿ ಭಾಲ್ಕಿಯ ಲಲಿತಾಬಾಯಿ ಕಿವಿಯಲ್ಲಿ ಉಸುರಿದಳು, ಆ ನರ್ಸಬಾಯಿ ಬಳಿಗಾರ ಅಯ್ಯುಬನ ಹೇಂತಿ ನೋಡ್ರಿ ಅಕ್ಕಾ, ಪೊಲೀಸ್ ಆಕ್ಷನ್‌ದಾಗ ಬೋರವಾಡಿ ಬಾವ್ಯಾಗ ಹೆಣ ಸಿಕ್ತಲ್ಲ, ಅಂವನ, ನಿಮ್ದು ಯಾವೂರ್ರಿ, ಠಾಣಾ ಕುಶನೂರ ಎಂದೆ, ಒಳಗೂ ಅದನ್ನೇ ಹೇಳಿದೆ, ನಮ್ಮೂರು ಬೋರವಾಡಿ ಎಂದು ಯಾವ ಬಾಯಿಂದ ಹೇಳಲಿ, ಆ ಬಾವಿಯ ನೀರು ಇಂದಿಗೂ ಯಾರೂ ಸೇದುವುದಿಲ್ಲ, ನಿಜಾಮನ ರಜಾಕಾರರು ನನ್ನ ತಮ್ಮನನ್ನು ಕೊಂದರು, ನಿಜ, ಆದರೆ ನಮ್ಮೂರವರು ಕೊಂದ ಅಯ್ಯುಬ ಯಾರನ್ನು ಕೊಂದಿದ್ದ, ನನ್ನ ಮದುವೆಯ ಬಳೆ ತೊಡಿಸಿದವನು ಅವನು, ಕೈ ಸಡಿಲ ಬಿಡ್ರಿ ತಂಗಿ ಎನ್ನುತ್ತಿದ್ದ —

ನಿನ್ನ ಹೆಸರೇನು ಬೇಟಾ ಎಂದಳು ಅನ್ವರಿ, ಮೀರಾ, ಯಾವೂರು, ಬೋರವಾಡಿ. ಹಾಳಾದ ಹುಡುಗಿ, ಹುಟ್ಟಿದ್ದೇ ಆ ವರ್ಷ, ಇವಳಿಗೇನು ಗೊತ್ತು, ಅನ್ವರಿಯ ಕೈ ನಿಂತಿತು, ಕುಶನೂರ ಅಂದಿದ್ರಲ್ಲರಿ, ಅದು ನನ್ನ ತವರ್ರಿ, ತವರೂರ ಹೆಸರು ಹೇಳಬಾರದೇನು ಎಂದು ಸಿಡುಕಿದೆ, ಅವಳು ಮತ್ತೊಮ್ಮೆ ಕೈ ತೊಳೆದಳು, ಏಕೆ ತೊಳೆದಳು, ಯಾವ ಶೀಸೆ ಮುಟ್ಟಿದಳು, ಎದ್ದು ಹೋಗಬೇಕು, ಈ ಬಾವು ಹೊತ್ತು ಎಲ್ಲಿಗೆ ಹೋಗಲಿ, ಜಲ್ದಿ ಬೇಗಂ ಎಂದ ಡಾಕ್ಟರ ಇಕ್ಕಳ ಹಿಡಿದು, ಬಾಯಿ ಮುಚ್ಚದಂತೆ ಅವಳು ಮಗಳ ಹಲ್ಲುಗಳ ನಡುವೆ ಬೆರಳಿಟ್ಟಳು, ಒಂದೂ ಬಳೆಯಿಲ್ಲದ ಕೈ, ಬೆರಳು, ಮೀರಾ ಕಚ್ಚಿದಳು, ಗಟ್ಟಿಯಾಗಿ ಕಚ್ಚಿದಳು, ಬಿಡು ಬಿಡು ಎಂದು ಕಿರುಚಿದೆ, ಯಾರಿಗೆ ಕಿರುಚಿದೆನೋ, ಹಲ್ಲು ಬಂತು, ಕೀವು, ರಕ್ತ, ರಕ್ತ ಯಾರದು, ಆತು ಬೇಟಾ ಆತು, ಮಗು ಬಿಕ್ಕುತ್ತಿದೆ, ಉಸಿರಾಡುತ್ತಿದೆ, ಇವಳ ಮನಸ್ಸಿನಲ್ಲಿ ಏನೋ ಇದೆ, ಇರಲೇಬೇಕು, ಇಲ್ಲದಿದ್ದರೆ ಏಕೆ ಎಳೆದುಕೊಳ್ಳಲಿಲ್ಲ, ನಾನಾಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ, ಬೋರವಾಡಿಯ ಹಲ್ಲು ಅದು, ಗೊತ್ತಿದ್ದೂ ಏಕೆ ಎಳೆದುಕೊಳ್ಳಲಿಲ್ಲ, ಬಳೆಯಿಲ್ಲದ ಕೈ, ಮಗಳ ಬಾಯೊಳಗೆ ಅಲುಗದೆ ನಿಂತ ಬೆರಳು, ಆ ಬೆರಳು —