ಅನ್ವಿತಾ ತಡವಾಗಿ ಮನೆ ಸೇರಿದ ಸಂಜೆ

ನಿವೇದಿತಾ ನನ್ನ ತಂಗಿಯ ಮಗಳು. ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿ ನನ್ನ ಮನೆಯ ಕೆಳಗಿನ ಮಹಡಿಯಲ್ಲೇ ಇದ್ದಳು. ಶೋವ್ಡೆಯಲ್ಲಿ ಸಂಶೋಧನೆ ಮಾಡುವ ಗಂಡ ಸುದರ್ಶನ್ ವಾರದ ಕೊನೆಗೆ ಬರುತ್ತಿದ್ದ. ಮಗಳು ಚಾರ್ವಿ ಇನ್ನೂ ಶಿಶುವಿಹಾರಕ್ಕೆ, ಇಲ್ಲಿಯವರ ಮಾತಿನಲ್ಲಿ ಡಾಗಿಸ್‌ಗೆ ಹೋಗುವ ಕೂಸು.

ಕೆಲಸದ ಪರ್ಮಿಟ್ ಮುಗಿದು ಹೊಸದಕ್ಕೆ ಕಾಯುತ್ತಿದ್ದಾಗ ನಿವೇದಿತಾಳ ಅಪ್ಪ ಊರಲ್ಲಿ ತೀರಿಕೊಂಡ. ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದಳು. ಕಿಸ್ಟಾ ಆಫೀಸಿನ ಅವಳ ಮ್ಯಾನೇಜರ್ ಬದರಿನಾಥ ನಮ್ಮ ಎದುರು ಬ್ಲಾಕಿನವನು. ನನ್ನ ಅಡುಗೆಮನೆಯಲ್ಲಿ ಕೂತು, ನಾನು ಕರಿದ ಕೋಡುಬಳೆ ಮುರಿಯುತ್ತ ಅವಳಿಗೆ ಹೇಳಿದ: "ಅಪ್ಪನ ಕಾರ್ಯ ಬಿಡಬಾರದು ಕಣಮ್ಮ, ಹೋಗಿ ಬಾ. ಪೇಪರ್ಸ್ ನಾನು ನೋಡ್ಕೋತೀನಿ. ವಾಪಸ್ ಬರೋಕೆ ಏನೂ ಪ್ರಾಬ್ಲಮ್ ಇಲ್ಲ."

ಮಗುವನ್ನು ಕರೆದುಕೊಂಡು ಹೋದಳು. ಅವಳು ಹನ್ನೆರಡನೇ ದಿನದ ಅಡುಗೆಯಲ್ಲಿದ್ದಾಗ ಇವನು ಅವಳ ಕುರ್ಚಿಗೆ ಬೇರೊಬ್ಬನನ್ನು ತಂದ. ಕೆಲಸ ಹೋದ್ದರಿಂದ ಹೊಸ ಪರ್ಮಿಟ್ಟೂ ಬರಲಿಲ್ಲ.

ವಾಪಸು ಬಂದಾಗ ವಿಮಾನ ನಿಲ್ದಾಣದ ಗಡಿ ಕೌಂಟರಿನಲ್ಲಿ ತಾಯಿಯನ್ನು ತಡೆದರು. ಮಗುವಿಗೆ ಅಪ್ಪನ ಕಡೆಯಿಂದ ಪರ್ಮಿಟ್ ಇತ್ತು, ಬಿಟ್ಟರು. ಸಮವಸ್ತ್ರದ ಹುಡುಗಿಯೊಬ್ಬಳು ಚಾರ್ವಿಯನ್ನು ಎತ್ತಿಕೊಂಡು ಬಂದು ಹೊರಗೆ ಕಾಯುತ್ತಿದ್ದ ನನ್ನ ಕೈಗೆ ಕೊಟ್ಟಳು. ಮಗುವಿನ ಮುಷ್ಟಿಯಲ್ಲಿ ಅಮ್ಮನ ಕೂದಲ ಕ್ಲಿಪ್ಪಿತ್ತು. ನಿವೇದಿತಾಳನ್ನು ಬಂದ ದಾರಿಗೇ ಕಳಿಸಿದರು. ಸುದರ್ಶನ್ ವಾರದ ಕೊನೆಗೆ ಬಂದು ಹೋಗುತ್ತಿದ್ದ, ಮಗು ನನ್ನ ಬಳಿ ಉಳಿಯಿತು.

ಆಮೇಲೆ ಇಲ್ಲಿನ ನಗರಸಭೆ ಅಂದರೆ ಕೊಮ್ಮೂನ್‌ನ ಉಲ್ರಿಕಾ ಮನೆಗೆ ಬಂದಳು. "ಮಗುವನ್ನು ತಾಯಿಯಿಂದ ಹೀಗೆ ಬೇರೆ ಮಾಡೋದನ್ನ ನಮ್ಮ ಕೊಮ್ಮೂನ್ ಒಪ್ಪಲ್ಲ. ಕೋರ್ಟಿನಲ್ಲಿ ಸರ್ಕಾರಕ್ಕೆ ಎದುರಾಗೇ ನಿಲ್ತೀವಿ. ಆದರೆ ಪರ್ಮಿಟ್ ಬರೋ ಮುಂಚೆ ಹೋದರೆ ವಾಪಸ್ ಬಿಡಲ್ಲ ಅಂತ ಗೊತ್ತಿದ್ದೂ ದೇಶ ಬಿಟ್ಟಳು ಅನ್ನೋದು ಅವರ ವಾದ. ಹೋಗು ಅಂದವರೇ ಬಂದು ಹೇಳಬೇಕು. ನೀವು ನೆಂಟರು, ನಿಮ್ಮ ಮಾತು ಸಾಲದು."

ಬದರಿನಾಥನನ್ನು ಕೇಳಿದೆ. ನಕ್ಕ. "ಹಾಗಂದ ನೆನಪೇ ಇಲ್ಲ ಆಂಟಿ. ನಿಮಗೆ ವಯಸ್ಸಾಯ್ತು, ಏನೋ ಕನ್‌ಫ್ಯೂಸ್ ಮಾಡ್ಕೊಂಡಿದೀರ. ಅಂದ ಹಾಗೆ, ನಾಳೆನೂ ಅನ್ವಿತಾನ್ನ ಕರ್ಕೊಂಡು ಬರ್ತೀರಲ್ಲ?"

ಅನ್ವಿತಾ ಅವನ ಮಗಳು, ಚಾರ್ವಿಯ ಜೊತೆಯವಳು. ಗಂಡಹೆಂಡತಿ ಇಬ್ಬರೂ ಕೆಲಸದಿಂದ ತಡವಾಗಿ ಬರುವವರು. ಡಾಗಿಸ್‌ನಲ್ಲಿ ಮಗಳನ್ನು ಕರೆದೊಯ್ಯುವವರೆಂದು ನನ್ನ ಹೆಸರು ಕೊಟ್ಟಿದ್ದರು. ಇಬ್ಬರು ಮಕ್ಕಳನ್ನೂ ನಾನೇ ಕರೆತಂದು, ಅವರು ಬಂದ ಮೇಲೆ ಅವಳನ್ನು ಅವರ ಮನೆಗೆ ಬಿಡುತ್ತಿದ್ದೆ.

"ಆಗಲಪ್ಪ" ಅಂದೆ. ಕಾಯುವುದು ನನಗೆ ಬರುತ್ತದೆ. ಕೋರ್ಟಿನ ದಿನ ಹತ್ತಿರ ಬರುವವರೆಗೂ ಕಾದೆ.

ಒಂದು ಸಂಜೆ ಫೋನನ್ನು ಬೇಕೆಂದೇ ಅಕ್ಕಿ ಡಬ್ಬದ ಮೇಲೆ ಬಿಟ್ಟು ಹೋದೆ. ಮಕ್ಕಳಿಬ್ಬರನ್ನೂ ಲೈಬ್ರರಿಯ ಬೆಚ್ಚನೆ ಮೂಲೆಯಲ್ಲಿ ಕೂರಿಸಿ ಕೋಡುಬಳೆ ಕೊಟ್ಟೆ. ಅನ್ವಿತಾ ಚಿತ್ರ ನೋಡುತ್ತ ನಗುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ಚಾರ್ವಿ ತಲೆ ಎತ್ತುತ್ತಿದ್ದಳು. ದೀಪ ಆರಿಸುವವರೆಗೂ ನಾನು ಏಳಲಿಲ್ಲ.

ಬದರಿನಾಥ ನಮ್ಮ ಬಾಗಿಲಲ್ಲಿದ್ದ. ಆ ಚಳಿಯಲ್ಲಿ ಕೋಟಿಲ್ಲ. ಮಗಳನ್ನು ಬಾಚಿ ಎದೆಗೆ ಒತ್ತಿಕೊಂಡ.

"ಎಲ್ಲಿಗೆ ಹೋಗಿದ್ರಿ? ಊರೆಲ್ಲ ಹುಡುಕಿದೆ. ಪೊಲೀಸಿಗೆ ಫೋನ್ ಮಾಡೋದ್ರಲ್ಲಿದ್ದೆ."

"ಲೈಬ್ರರಿಗೆ ಹೋಗ್ತೀವಿ ಅಂತ ಹೇಳಿದ್ದೆನಲ್ಲ? ಹೇಳ್ಲಿಲ್ವಾ? ನೆನಪೇ ಇಲ್ಲ ಕಣಪ್ಪ. ವಯಸ್ಸಾಯ್ತು, ಏನೋ ಕನ್‌ಫ್ಯೂಸ್ ಆಯ್ತು."

ಅವನ ಮುಖ ಬಿಳುಚಿತು. "ನಾನು ಕಂಪ್ಲೇಂಟ್ ಕೊಡಬಹುದು, ಗೊತ್ತಾ?"

"ಕೊಡು. ಯಾಕೆ ಹೀಗೆ ಮಾಡಿದೆ ಅಂತ ನನ್ನನ್ನ ಕೇಳೇ ಕೇಳ್ತಾರೆ. ನೀನು ಅಂದಿದ್ದನ್ನೂ ಹೇಳ್ತೀನಿ. ಒಂದು ಸಂಜೆಗೇ ನೀನು ಕೋಟಿಲ್ಲದೆ ಊರೆಲ್ಲ ಓಡಿದೆ. ಇವಳು ಬೇಸಿಗೆಯಿಂದ ಬಾಗಿಲು ನೋಡ್ತಿದ್ದಾಳೆ."

ಚಾರ್ವಿ ಅವನ ಪ್ಯಾಂಟು ಜಗ್ಗಿ ಸ್ವೀಡಿಷ್‌ನಲ್ಲಿ ಕೇಳಿದಳು, ನಮ್ಮಮ್ಮನನ್ನೂ ನೀನು ಹುಡುಕ್ತೀಯಾ ಅಂತ. ಅವನು ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದ.

ಕೋರ್ಟಿಗೆ ಬಂದ. ತಲೆ ತಗ್ಗಿಸಿ, ಹೋಗು ಅಂದವನು ನಾನೇ, ಅಂದ. ಉಲ್ರಿಕಾ ಮಿಕ್ಕದ್ದನ್ನು ನೋಡಿಕೊಂಡಳು. ಹಿಮ ಕರಗುವ ಹೊತ್ತಿಗೆ ನಿವೇದಿತಾ ಅದೇ ಕೌಂಟರ್ ದಾಟಿ ಬಂದಳು.

ಮಾರನೇ ವಾರ ಬದರಿನಾಥ ಮಗಳ ಕೈ ಹಿಡಿದು ಬಂದ. ಆ ಲೈಬ್ರರಿ ಸಂಜೆಯ ಮಾರನೇ ದಿನವೇ ಡಾಗಿಸ್‌ನಲ್ಲಿ ನನ್ನ ಹೆಸರು ತೆಗೆಸಿದ್ದ. ಈಗ ಮಗಳನ್ನು ಕರೆತರಲು ತಾನೇ ಮೀಟಿಂಗ್ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಾನೆ.

"ಎಲ್ಲ ಸರಿ ಹೋಯ್ತಲ್ಲ ಆಂಟಿ. ನಿಮ್ಮ ಹೆಸರು ಮತ್ತೆ ಕೊಡ್ಲಾ?"

ಬಚ್ಚಲಮನೆಯ ಕಡೆ ತೋರಿಸಿದೆ. ಬಂದಾಗಿನಿಂದ ನನ್ನ ಮನೆಯಲ್ಲೇ ಇದ್ದ ನಿವೇದಿತಾ ಒಳಗೆ ಸ್ನಾನ ಮಾಡುತ್ತಿದ್ದಳು. ಮುಚ್ಚಿದ ಬಾಗಿಲಿಗೆ ಬೆನ್ನು ಒರಗಿಸಿ, ಕ್ಲಿಪ್ಪು ಹಿಡಿದು ಚಾರ್ವಿ ಕೂತಿದ್ದಳು.

"ಸರಿ ಹೋದ ದಿನ ನಾನೇ ಹೇಳಿ ಕಳಿಸ್ತೀನಿ" ಅಂದೆ.

ಅನ್ವಿತಾಗೆ ಕುರ್ಚಿ ಎಳೆದು ಕೋಡುಬಳೆ ಇಟ್ಟೆ. ಅವನು ನಿಂತೇ ಇದ್ದ.