ಉತ್ತರದ ಬಾಲ್ಕನಿ

ಮಗಳು ಮಹತಿ ಜಪಾನಿನಿಂದ ತಂದುಕೊಟ್ಟ ಕೈಗಡಿಯಾರ ಸಿಡ್ನಿಯಲ್ಲಿ ಸಿಗ್ನಲ್ ಹಿಡಿಯುತ್ತಿಲ್ಲ ಎಂಬುದು ಸತ್ಯನಾರಾಯಣನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಆದರೂ ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ "ಪರ್ಫೆಕ್ಟಾಗಿ ಓಡ್ತಿದೆ ಪುಟ್ಟಾ" ಎಂದೇ ಹೇಳುತ್ತಿದ್ದ.

ಅದು ರೇಡಿಯೊ ಗಡಿಯಾರ. ಜಪಾನಿನ ಯಾವುದೋ ಗುಡ್ಡದ ಮೇಲಿನ ಗೋಪುರದಿಂದ ಹೊರಡುವ ಅಲೆಯನ್ನು ರಾತ್ರಿ ಹೊತ್ತು ಹಿಡಿದು ತನ್ನ ವೇಳೆಯನ್ನು ತಾನೇ ತಿದ್ದಿಕೊಳ್ಳುತ್ತದೆ. ಯೂನಿವರ್ಸಿಟಿಯ ಕಡೆಯಿಂದ ಟೋಕಿಯೊಗೆ ಹೋಗಿದ್ದ ಮಹತಿ, ಸೂಪರ್‌ಮಾರ್ಕೆಟ್ಟಿನಲ್ಲಿ ದುಡಿದು ಉಳಿಸಿದ ಹಣದಲ್ಲಿ ಅದನ್ನು ಕೊಂಡಿದ್ದಳು. ಪಕ್ಕದ ಗುಂಡಿ ಒತ್ತಿದರೆ ಸೆಕೆಂಡಿನ ಮುಳ್ಳು ಓಡಿ ಒಂದು ಅಕ್ಷರದ ಮೇಲೆ ನಿಲ್ಲುತ್ತಿತ್ತು. ಸಿಗ್ನಲ್ ಸಿಕ್ಕಿದ್ದರೆ ವೈ, ಇಲ್ಲದಿದ್ದರೆ ಎನ್. ಅವನ ಮನೆಯಲ್ಲಿ ಅದು ದಿನಾ ಎನ್ ಮೇಲೆಯೇ ನಿಲ್ಲುತ್ತಿತ್ತು.

ಸತ್ಯನಾರಾಯಣ ಮೈಸೂರಿನವನು. ಸಿಡ್ನಿಯ ವೆಸ್ಟ್‌ಮೀಡ್‌ನ ಒಂದು ಆಸ್ಪತ್ರೆಯಲ್ಲಿ ಮಾನಿಟರು, ಪಂಪುಗಳನ್ನು ರಿಪೇರಿ ಮಾಡುವ ಎಂಜಿನಿಯರ್. ಜಾನಕಿಯೊಂದಿಗೆ ಡಿವೋರ್ಸ್ ಆಗಿ, ಅವಳು ಮಗಳನ್ನು ಕರೆದುಕೊಂಡು ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಹೋದ ಮೇಲೆ, ಸ್ಟೇಷನ್ ಹತ್ತಿರದ ಈ ಎರಡನೇ ಮಹಡಿಯ ಫ್ಲ್ಯಾಟಿಗೆ ರೆಂಟ್ ಮೇಲೆ ಬಂದಿದ್ದ. ಒಂದು ತಟ್ಟೆ, ಒಂದು ಲೋಟ ತೊಳೆಯುವುದು ಅಭ್ಯಾಸವಾಗಿತ್ತು. ಸಂಜೆ ಮನೆಗೆ ಬಂದು ಟಿವಿ ಹಚ್ಚಿದರೆ, ಅದು ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳದೆಯೇ ಮಲಗುವ ಹೊತ್ತಾಗುತ್ತಿತ್ತು.

ಗಡಿಯಾರ ಬಂದ ಮೇಲೆ ಸಂಜೆಗೊಂದು ಕೆಲಸ ಸಿಕ್ಕಿತು. ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದರು: ಆಸ್ಟ್ರೇಲಿಯಾಕ್ಕೆ ಆ ಅಲೆ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಆದರೆ ಚಳಿಗಾಲದಲ್ಲಿ, ಉತ್ತರಕ್ಕೆ ತೆರೆದ ಎತ್ತರದ ಜಾಗದಲ್ಲಿ, ಅದೃಷ್ಟವಿದ್ದರೆ ಒಮ್ಮೊಮ್ಮೆ ಸಿಗುತ್ತದೆ. ಸುತ್ತ ಕಬ್ಬಿಣ ಇರಬಾರದು. ಫ್ರಿಜ್ಜು, ಟಿವಿ, ಚಾರ್ಜರ್ ದೂರವಿರಬೇಕು. ಗಡಿಯಾರದ ಹನ್ನೆರಡರ ಅಂಕಿ ಜಪಾನಿನತ್ತ ತಿರುಗಿರಬೇಕು. ಬೆಳಗಿನ ತನಕ ಅಲುಗಿಸಬಾರದು. ಇನ್ನೊಂದು ಪೇಚು ಎಂದರೆ, ಗಡಿಯಾರದಲ್ಲಿ ಊರನ್ನು ಸಿಡ್ನಿ ಎಂದಿಟ್ಟರೆ ಅದು ಸಿಗ್ನಲ್ ಹುಡುಕುವುದೇ ಇಲ್ಲ. ಹಾಗಾಗಿ ಸತ್ಯನಾರಾಯಣ ಸಂಜೆ ಊರನ್ನು ಟೋಕಿಯೊಗೆ ಬದಲಿಸುತ್ತಿದ್ದ. ಮುಳ್ಳುಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತಿದ್ದವು. ಬೆಳಿಗ್ಗೆ ಮತ್ತೆ ಸಿಡ್ನಿಗೆ ತರುತ್ತಿದ್ದ.

ಅವನ ಕಿಟಕಿಗಳೋ ದಕ್ಷಿಣಕ್ಕೆ. ಎದುರಿಗೇ ರೈಲಿನ ತಂತಿಗಳು. ಕಿಟಕಿಯ ಗೂಡು, ಬಾತ್‌ರೂಮಿನ ಸಂದು, ಕಾರಿನ ಡ್ಯಾಶ್‌ಬೋರ್ಡು, ಎಲ್ಲೆಲ್ಲಿ ಇಟ್ಟರೂ ಎನ್.

ಇಲ್ಲಿ ಚಳಿಗಾಲವಾದ ಜೂನ್ ತಿಂಗಳ ಒಂದು ಸಂಜೆ ಲಿಫ್ಟಿನಲ್ಲಿ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಮೂಲೆಯಲ್ಲಿ ಇಳಕಲ್ ಸೀರೆಯ ಮೇಲೆ ಗಂಡಸರ ಜಾಕೆಟ್ ತೊಟ್ಟು ನಿಂತಿದ್ದ ಹೆಂಗಸು ಅವನು ಫೋನ್ ಇಡುವುದನ್ನೇ ಕಾಯುತ್ತಿದ್ದಳು.

"ಕನ್ನಡದವರೇನ್ರಿ?"

"ಹೌದಮ್ಮ. ಮೈಸೂರು."

"ನಾವು ಹುಬ್ಬಳ್ಳಿಯವರ್ರಿ. ಬಸಕ್ಕ ಅಂತ. ಮಗ ಸಂಜು, ಸೊಸಿ, ಇಬ್ರೂ ಡಾಕ್ಟರ್ರು. ಒಬ್ರು ಬಂದ್ರ ಒಬ್ರು ಹೋಗ್ತಾರ. ಇವತ್ತಿನ್ನೂ ಯಾರ ಜೋಡಿನೂ ಮಾತಾಡಿರಲಿಲ್ಲ ನೋಡ್ರಿ." ಎರಡನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಅವಳು ಗುಂಡಿ ಒತ್ತಿ ಹಿಡಿದೇ ಮಾತು ಮುಂದುವರಿಸಿದಳು. ಅವರ ಮನೆ ಆರನೇ ಮಹಡಿ. ಬಾಲ್ಕನಿಯಲ್ಲಿ ಇಡೀ ದಿನ ಬಿಸಿಲು, ಹಪ್ಪಳ ಒಣಗಿಸಿದರೆ ಸಂಜೆಗೆ ಗರಿಗರಿ.

ಸೂರ್ಯ ಉತ್ತರಕ್ಕೆ ವಾಲಿ ಸಾಗುವ ಈ ದೇಶದಲ್ಲಿ ಇಡೀ ದಿನ ಬಿಸಿಲು ಎಂದರೆ ಬಾಲ್ಕನಿಗೆ ಉತ್ತರದ ಮುಖ. ಸತ್ಯನಾರಾಯಣ ಸಂಕೋಚದಿಂದಲೇ ಕೇಳಿದ. "ಅಮ್ಮ, ಒಂದು ವಾಚ್ ರಾತ್ರಿ ನಿಮ್ಮ ಬಾಲ್ಕನೀಲಿ ಇಡಬಹುದಾ?"

ಬಸಕ್ಕ ಯಾಕೆ ಎಂದೂ ಕೇಳಲಿಲ್ಲ. "ತಗೊಂಬರ್ರಿ" ಎಂದಳು.

ಅಂದಿನಿಂದ ಅದೇ ಪರಿಪಾಠವಾಯಿತು. ಸಂಜೆ ಡ್ಯೂಟಿ ಮುಗಿಸಿ ಆರನೇ ಮಹಡಿಗೆ ಹೋಗುವುದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಗಡಿಯಾರ ಇಡುವುದು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅದನ್ನು ತೆಗೆದುಕೊಳ್ಳಲು ಹೋದರೆ ಬಸಕ್ಕ ಚಹಾ ಇಟ್ಟುಕೊಂಡು ಕಾಯುತ್ತಿದ್ದಳು. "ಕುಂಡ್ರಿ, ಚಾ ಕುಡದು ಹೋಗ್ರಿ. ಬಂತೇನ್ರಿ ನಿಮ್ಮ ಜಪಾನ್?"

"ಇಲ್ಲಮ್ಮ."

"ನಾಳೆ ಬರ್ತೈತಿ, ತಗೋರಿ."

ಅವಳು ರೊಟ್ಟಿ ಬಡಿಯಲು ಇಲ್ಲಿನ ಜೋಳದ ಹಿಟ್ಟು ಹೇಗೆ ಬಗ್ಗುವುದಿಲ್ಲವೆಂದು ಹೇಳುತ್ತಿದ್ದಳು. ಅವನು ಮಗಳ ಬಗ್ಗೆ ಹೇಳುತ್ತಿದ್ದ. ಒಂದು ವಾರದಲ್ಲೇ "ರೀ" ಹೋಗಿ "ತಮ್ಮಾ" ಬಂತು. ಅವನಿಗೇ ತಿಳಿಯದಂತೆ ಬೆಳಿಗ್ಗೆ ಬೇಗ ಎಚ್ಚರವಾಗತೊಡಗಿತು.

ಸಿಗ್ನಲ್ ಮಾತ್ರ ಬರಲಿಲ್ಲ. ಗುಂಡಿ ಒತ್ತಿ, ಮುಳ್ಳು ನಿಂತ ಅಕ್ಷರ ನೋಡುವಾಗ ಅವನ ಮುಖ ಸಣ್ಣದಾಗುವುದನ್ನು ಬಸಕ್ಕ ದಿನಾ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಬೆಲ್ ಒತ್ತುವ ಮುಂಚೆಯೇ ಬಾಗಿಲು ತೆರೆಯಿತು. ಬಸಕ್ಕನ ಕೈಯಲ್ಲಿ ಗಡಿಯಾರ. "ಬಂದೈತಿ ನೋಡು ತಮ್ಮಾ! ನನ್ನ ಫೋನಿನ ಜೋಡಿ ಹಚ್ಚಿ ನೋಡೀನಿ, ಒಂದ ಸೆಕೆಂಡೂ ಹಿಂದ ಮುಂದ ಇಲ್ಲ."

ಅವನು ತೆಗೆದುಕೊಂಡು ನೋಡಿದ. ನಿಜ, ಸಿಡ್ನಿಯ ವೇಳೆ ಸರಿಯಾಗಿ ತೋರಿಸುತ್ತಿತ್ತು. ಆದರೆ ಹಿಂದಿನ ಸಂಜೆ ಅದನ್ನು ಅವನು ಟೋಕಿಯೊಗೆ ಇಟ್ಟಿದ್ದ. ಸಿಗ್ನಲ್ ನಿಜಕ್ಕೂ ಬಂದಿದ್ದರೆ ಅದು ಒಂದು ಗಂಟೆ ಹಿಂದೆ ಇರಬೇಕಿತ್ತು. ಎಳೆದು ಮುಳ್ಳು ತಿರುಗಿಸುವ ಪಕ್ಕದ ಕೀಲಿ ಪೂರ್ತಿ ಒಳಗೆ ಹೋಗಿರಲಿಲ್ಲ. ಕನ್ನಡಕ ಮೂಗಿನ ತುದಿಗಿಳಿಸಿಕೊಂಡು, ಫೋನು ನೋಡುತ್ತ, ಮುಳ್ಳು ತಿರುಗಿಸುತ್ತ ಅವಳು ಎಷ್ಟು ಹೊತ್ತು ಕೂತಿದ್ದಳೋ.

ಅವನು ಗಡಿಯಾರವನ್ನು ಹಾಗೆಯೇ ಕೈಗೆ ಕಟ್ಟಿಕೊಂಡ. "ಹೌದಮ್ಮ, ಬಂದಿದೆ" ಎಂದ.

ಬಸಕ್ಕ ಆ ದಿನ ಚಹಾದ ಜೊತೆ ಕರದಂಟನ್ನೂ ಕೊಟ್ಟಳು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಲಿಫ್ಟಿನಲ್ಲಿ ಕೆಳಗಿಳಿಯುವಾಗಲಷ್ಟೇ ಅವನಿಗೆ ಹೊಳೆಯಿತು: ಸಿಗ್ನಲ್ ಬಂತು ಎಂದ ಮೇಲೆ ಸಂಜೆ ಗಡಿಯಾರ ಇಡಲು ಹೋಗುವುದು ಹೇಗೆ?

ಹೋಗಲಿಲ್ಲ. ಸುಮ್ಮನೆ ಬಂದೆ ಎಂದು ಬೆಲ್ ಒತ್ತಬಹುದಿತ್ತು. ಎರಡು ಬಾರಿ ಲಿಫ್ಟಿನಲ್ಲಿ ಆರರ ಗುಂಡಿಯವರೆಗೆ ಬೆರಳು ಹೋಗಿ ವಾಪಸ್ಸು ಬಂತು. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗುವುದು ಅವನಿಗೆ ಮರೆತೇಹೋಗಿತ್ತು. ಬೆಳಗಿನ ಚಹಾ ಮತ್ತೆ ಅಡುಗೆಮನೆಯಲ್ಲಿ ನಿಂತುಕೊಂಡೇ ಆಯಿತು. ಒಂದು ದಿನ ಕೆಳಗೆ ಕಸದ ಡಬ್ಬಿಯ ಹತ್ತಿರ ಬಸಕ್ಕ ಎದುರಾದಳು.

"ವಾಚ್ ಚಲೋ ನಡದೈತೇನೋ ತಮ್ಮಾ?"

"ಚೆನ್ನಾಗಿದೆಯಮ್ಮ."

"ಮತ್ತ ಕೆಟ್ಟಿಲ್ಲ ಹಂಗಾರ." ಅವಳು ಸೆರಗು ಸರಿಮಾಡಿಕೊಂಡು ಲಿಫ್ಟಿನ ಕಡೆ ನಡೆದಳು.

ಆ ಶನಿವಾರ ಅವನು ಮೆಲ್ಬರ್ನಿಗೆ ಹೋದ. ಕ್ರೇಗಿಬರ್ನ್‌ನ ಮನೆಯ ಬಾಗಿಲಲ್ಲಿ ಜಾನಕಿ "ಪ್ರಯಾಣ ಆರಾಮಾಗಿತ್ತಾ? ಕಾಫಿ ಮಾಡ್ಲಾ?" ಎಂದು ಕೇಳಿದಳು. "ಬೇಡ, ಫ್ಲೈಟಲ್ಲೇ ಆಯ್ತು" ಎಂದ. ಅಪ್ಪ ಮಗಳು ನಡೆದುಕೊಂಡು ಕೆರೆಯ ಪಕ್ಕದ ಪಾರ್ಕಿಗೆ ಹೋದರು. ತಣ್ಣನೆ ಗಾಳಿ. ಬೆಂಚಿನ ಮೇಲೆ ಕೂತ ಕೂಡಲೇ ಮಹತಿ ಅವನ ಕೈ ಎಳೆದುಕೊಂಡು ಗಡಿಯಾರದ ಗುಂಡಿ ಒತ್ತಿದಳು. ಮುಳ್ಳು ಓಡಿ ಎನ್ ಮೇಲೆ ನಿಂತಿತು.

"ನೆವರ್ ವರ್ಕ್ಡ್, ಅಲ್ವಾ?"

"ಅದು... ಪುಟ್ಟಾ, ಅಲ್ಲಿ ಬಿಲ್ಡಿಂಗ್‌ಗಳು ಜಾಸ್ತಿ..."

"ಡ್ಯಾಡ್, ಐ ಗೂಗಲ್ಡ್ ಇಟ್. ಕೊಟ್ಟ ವಾರಾನೇ. ಇಲ್ಲಿಗೆ ಸಿಗ್ನಲ್ ಬರಲ್ಲ." ಅವಳ ದನಿ ಏರಿತು. "ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ. ಎವ್ರಿ ವೀಕ್ ಕೇಳ್ದೆ. ಎವ್ರಿ ವೀಕ್ ಪರ್ಫೆಕ್ಟ್ ಅಂದೆ."

"ನೀನು ಅಷ್ಟು ಆಸೆಯಿಂದ ತಂದಿದ್ದೆ. ಬೇಜಾರಾಗುತ್ತೆ ಅಂತ."

"ವಾಚ್ ಬಗ್ಗೆ ಅಲ್ಲ. ಊಟ ಆಯ್ತಾ ಅಂದ್ರೆ ಪರ್ಫೆಕ್ಟ್, ಮನೆ ಹೇಗಿದೆ ಅಂದ್ರೆ ಪರ್ಫೆಕ್ಟ್." ಅವಳು ಕೆರೆಯ ಕಡೆ ಮುಖ ತಿರುಗಿಸಿದಳು. ಯಾವಾಗಲೂ ಇಂಗ್ಲಿಷಿಗೆ ಜಾರುವವಳು, ಈಗ ನಿಧಾನವಾಗಿ ಪೂರ್ತಿ ಕನ್ನಡದಲ್ಲೇ ಕೇಳಿದಳು. "ಅಪ್ಪಾ, ನೀನು ಅಲ್ಲಿ ಚೆನ್ನಾಗಿದೀಯಾ?"

ಪರ್ಫೆಕ್ಟ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ. "ಇಲ್ಲ ಪುಟ್ಟಾ. ಸಂಜೆ ಹೊತ್ತು ತುಂಬಾ ಕಷ್ಟ ಆಗುತ್ತೆ."

ಮಹತಿ ಅವನ ಭುಜಕ್ಕೆ ತಲೆ ಒರಗಿಸಿದಳು. ಅವನು ಬಸಕ್ಕನ ವಿಷಯ ಹೇಳಿದ. ಸ್ಟೂಲು, ಚಹಾ, ಮುಳ್ಳು ತಿರುಗಿಸಿದ್ದು, ತಾನು ಗೊತ್ತಿಲ್ಲದವನಂತೆ ಇದ್ದುದು, ಆಮೇಲೆ ಹೋಗುವುದನ್ನೇ ಬಿಟ್ಟದ್ದು. "ಓ ಮೈ ಗಾಡ್, ನೀವಿಬ್ರೂ ಸೇಮ್" ಎಂದು ಅವಳು ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು, ಜಪಾನಿನ ಅಲೆಯನ್ನು ಅನುಕರಿಸುವ ಸದ್ದನ್ನು ಇಯರ್‌ಫೋನಿಗೆ ಕೊಟ್ಟು, ತಂತಿಯನ್ನು ಗಡಿಯಾರಕ್ಕೆ ಸುತ್ತಿದಳು. ಬಸಕ್ಕ ತಿರುಗಿಸಿದಂತೆಯೇ ಉಳಿದಿದ್ದ ಗಡಿಯಾರದಲ್ಲಿ ಊರು ಇನ್ನೂ ಟೋಕಿಯೊ ಎಂದೇ ಇತ್ತು. ಅಲುಗದೆ ಕೂತರು. ಕೆಲವು ನಿಮಿಷದಲ್ಲಿ ಮುಳ್ಳುಗಳು ತಾವಾಗಿಯೇ ಗಿರ್ರನೆ ತಿರುಗಿ ಟೋಕಿಯೊ ವೇಳೆಗೆ ನಿಂತವು.

"ಸೀ? ಈಸಿ," ಎಂದಳು. "ಹೋಗಿ ಆ ಆಂಟಿ ಹತ್ರ ಮಾತಾಡು. ಪ್ರಾಮಿಸ್?"

ಭಾನುವಾರ ಸಂಜೆ ಸಿಡ್ನಿಗೆ ಬಂದವನು ಬ್ಯಾಗನ್ನೂ ಮನೆಯಲ್ಲಿಡದೆ ಆರನೇ ಮಹಡಿಗೆ ಹೋದ. ಸಂಜು ಬಾಗಿಲು ತೆರೆದ. ಒಳಗೆ ನಡುಮನೆಯಲ್ಲಿ ದೊಡ್ಡ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು.

"ನಾಳೆ ಮುಂಜಾನೆ ಹೊಂಟೀನಿ ತಮ್ಮಾ," ಬಸಕ್ಕ ನೆಲದ ಮೇಲೆ ಕೂತೇ ಹೇಳಿದಳು. "ವೀಸಾ ಮುಗೀತು. ನಿನಗ ಹೇಳಾಕ ನಿನ್ನೆ ಎರಡು ಸಲ ಕೆಳಗ ಬಂದಿದ್ದೆ, ಬಾಗಲಾ ಹಾಕಿತ್ತು."

ಅವನು ಅವಳೆದುರು ಕೂತ. "ಅಮ್ಮ, ಅವತ್ತು ಸಿಗ್ನಲ್ ಬಂದಿರ್ಲಿಲ್ಲ. ನನಗೆ ಗೊತ್ತಿತ್ತು."

ಬಸಕ್ಕನ ಕೈ ಮಡಿಸುತ್ತಿದ್ದ ಸೀರೆಯ ಮೇಲೆ ನಿಂತಿತು. "ಗೊತ್ತಿತ್ತಾ? ದಿನಾ ನಿನ್ನ ಸಪ್ಪನ ಮಾರಿ ನೋಡಾಕಾಗಲಿಲ್ಲಪಾ, ಅದಕ್ಕ ತಿರುವಿದೆ. ಆಮ್ಯಾಲ ನೀ ಬರೂದ ಬಿಟ್ಟಿ." ಅವಳು ನಗಲು ನೋಡಿದಳು. "ಮತ್ತ ಹಿಂದಕ್ಕ ತಿರುವಿ ಇಡಬೇಕಿತ್ತು ಅಂತ ಎಷ್ಟು ಸಲ ಅನಿಸ್ತು ಗೊತ್ತೇನು."

ಮರುದಿನ ಸಂಜುವಿಗೆ ಡ್ಯೂಟಿ ತಪ್ಪಿಸಲಾಗಲಿಲ್ಲ. ಸತ್ಯನಾರಾಯಣನೇ ಅರ್ಧ ದಿನ ರಜೆ ಹಾಕಿ ಬಸಕ್ಕನನ್ನು ಏರ್‌ಪೋರ್ಟಿಗೆ ಬಿಟ್ಟುಬಂದ. ಗಾಜಿನ ಬಾಗಿಲಿನ ಆಚೆ ಹೋದ ಮೇಲೂ ಅವಳು ತಿರುಗಿ ತಿರುಗಿ ಕೈ ಬೀಸಿದಳು.

ಆ ವಾರ ಫ್ಲ್ಯಾಟು ಹಿಂದಿಗಿಂತ ದೊಡ್ಡದಾದಂತೆ ಅನಿಸಿತು. ಶುಕ್ರವಾರ ಅವನು ಒಬ್ಬನಿಗೆ ಹೆಚ್ಚಾಗುವಷ್ಟು ಹುಳಿ ಮಾಡಿದ. ಬೇಳೆ ಅಳೆಯುವಾಗ ಯಾರಿಗೆಂದು ಅವನು ಯೋಚಿಸಿರಲಿಲ್ಲ. ಆಮೇಲೆ ಲಿಫ್ಟಿನಲ್ಲಿ ಆರನ್ನು ಒತ್ತಿದ.

ಸಂಜು ನಿದ್ದೆಗಣ್ಣಲ್ಲಿ ಬಾಗಿಲು ತೆರೆದ. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಒಳಗೆ ದೀಪವೂ ಹಚ್ಚಿರಲಿಲ್ಲ. "ಏನ್ ಅಂಕಲ್? ಏನರ ಬೇಕಿತ್ತಾ?"

"ಏನೂ ಬೇಡಪ್ಪ. ಊಟ ಆಯ್ತಾ ಅಂತ ಕೇಳೋಣ ಅಂತ ಬಂದೆ. ಕೆಳಗೆ ಹುಳಿ ಮಾಡಿದೀನಿ."

ಸಂಜು ತಲೆ ಕೆರೆದುಕೊಂಡು ಹಿಂದಿನ ಕತ್ತಲೆಯತ್ತ ಒಮ್ಮೆ ನೋಡಿದ. "ಇಲ್ಲ ಅಂಕಲ್," ಎಂದ. "ಒಂದ್ ನಿಮಿಷ, ಚಪ್ಪಲಿ ಹಾಕ್ಕೊಂಡ್ ಬಂದೆ."