ಸೊಂಟದ ಅಳತೆ

"ಸಡಿಲ ಆಗ್ಯಾದಲ್ರಿ ಸರದಾರಸಾಬ್ರ," ಎಂದರು ದೇವಿಂದ್ರಪ್ಪ. ದೋಣಿಯ ನಡುವಿನ ಗುಳಿಯಲ್ಲಿ ಕಾಲು ಚಾಚಿ ಕೂತು ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದರು. ಎರಡೂ ಬದಿಗೆ ಮೂರು ಮೂರು ಬೆರಳು ತೂರುವಷ್ಟು ಜಾಗವಿತ್ತು.

ಸರದಾರಸಾಬ ಉಳಿ ಕೆಳಗಿಟ್ಟ. ಶಹಾಪುರದಲ್ಲಿ ಮೂವತ್ತು ವರ್ಷದಿಂದ ಬಾಗಿಲು, ಚೌಕಟ್ಟು ಮಾಡಿಕೊಂಡು ಬಂದವನು. ಅಳತೆ ತಪ್ಪಿದೆ ಎಂದು ಯಾರಾದರೂ ಬಾಯಿಬಿಟ್ಟರೆ, ಅವರ ಮನೆ ಗೋಡೆಯೇ ಸೊಟ್ಟ ಎಂದು ಸಾಧಿಸಿ ಕಳಿಸುವ ಆಸಾಮಿ.

ಈ ಊರಿನಲ್ಲಿ ಸಮುದ್ರದ ದೋಣಿ ಕಟ್ಟುವುದೇ ಒಂದು ತಮಾಷೆಯಾಗಿತ್ತು. ಭೀಮರಾಯನಗುಡಿಯ ಆಫೀಸೊಂದರಲ್ಲಿ ಕಾಲುವೆಯ ನಕ್ಷೆ ಬರೆಯುವ ದೇವಿಂದ್ರಪ್ಪ, ಕಾರವಾರದಲ್ಲಿ ಯಾರೋ ಒಂಟಿಯಾಗಿ ಕಾಯಕ್ ಎಂಬ ಸಪೂರ ದೋಣಿ ನಡೆಸುವುದನ್ನು ನೋಡಿ ಬಂದು, ಬೇಸಿಗೆಯಲ್ಲಿ ಅದರ ನಕ್ಷೆಯನ್ನೇ ಹಿಡಿದು ಅಂಗಡಿಗೆ ಬಂದಿದ್ದರು. ಸರದಾರಸಾಬನಿಗೆ ಮೊದಲು ನಗು ಬಂತು, ಆಮೇಲೆ ಕೆಲಸದ ಹುಚ್ಚು ಹಿಡಿಯಿತು. ಗುಳಿಯ ಅಂಚಿಗೆ ತೆಳುವಾದ ಮರದ ಪಟ್ಟಿಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಬಗ್ಗಿಸಿ, ಒಂದಕ್ಕೊಂದು ಅಂಟಿಸಿ ಒತ್ತಿಹಿಡಿಯಲು ಅಂಗಡಿಯ ಕ್ಲಾಂಪುಗಳನ್ನೆಲ್ಲ ಬಳಸಿದ್ದ.

ಗುಳಿ ಸೊಂಟಕ್ಕೆ ಬಿಗಿಯಾಗಿರಬೇಕು. ಅಲೆಗೆ ದೋಣಿ ಮಗುಚಿದರೆ ಸೊಂಟದ ಬಲದಿಂದಲೇ ಅದನ್ನು ತಿರುಗಿಸಿ ಮೇಲೇಳಬೇಕು. ಅದಕ್ಕೇ ಏಪ್ರಿಲ್‌ನಲ್ಲಿ ದೇವಿಂದ್ರಪ್ಪನವರನ್ನು ಹಲಗೆಯ ಮೇಲೆ ಕೂರಿಸಿ ಸುತ್ತ ಪೆನ್ಸಿಲ್ ಎಳೆದಿದ್ದ. ಆಗ ಮೈತುಂಬಿದ ಮನುಷ್ಯ. ಆಮೇಲೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗಿ, ಹೈದರಾಬಾದಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ದೀಪಾವಳಿ ಕಳೆದ ಮೇಲೆ ಸಮುದ್ರಕ್ಕೆ ಇಳಿದೇ ಇಳಿಯುತ್ತೇನೆ ಎಂಬ ಒಂದೇ ಮಾತಿನ ಮೇಲೆ ಅವರು ಊಟ ಮಾಡುತ್ತಿದ್ದರು.

ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಪರಿಮಳಾ ಸರದಾರಸಾಬನನ್ನೇ ನೋಡಿದಳು. ಹೇಳಬೇಡ ಎಂದು ಆ ಕಣ್ಣು ಬೇಡುತ್ತಿತ್ತು.

"ನಂದೇ ತಪ್ಪು ಸಾಹೇಬ್ರ," ಎಂದ ಸರದಾರಸಾಬ. "ಮಳಿಗಾಲಕ್ಕ ಕಟಗಿ ಉಬ್ಬತಾದಂತ ಚೌಕಟ್ಟಿಗಿ ಒಂದೀಟು ಜಾಗಾ ಬಿಟ್ಟೇ ಕೊರೀತೀವಿ. ಇದಕ್ಕೂ ಕೈ ಹಂಗೇ ಕೊರದುಬಿಟ್ಟದ."

ದೇವಿಂದ್ರಪ್ಪನವರ ಮುಖ ಅರಳಿತು. "ಮೂವತ್ತ ವರ್ಷದಾಗ ಇದೇ ಮೊದಲನೇ ತಪ್ಪು! ಕೇಳಿದೇನ ಪರಿಮಳಾ? ನಾ ಎಲ್ಲಿ ಸೊರಗೀನೋ ಅಂತ ಅಂಜಿದ್ದೆ."

ಆ ಸಂಜೆಗೇ ಸುದ್ದಿ ಚಹಾದಂಗಡಿ ಮುಟ್ಟಿತು. "ಸಾಬ್ರ ಅಳತಿ ಕೆಟ್ಟದಂತಲ್ರಿ?" ಎಂದು ಜನ ಕೆಣಕಿದರು. ಸರದಾರಸಾಬ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಅಂಗಡಿಗೆ ಬಂದು ಗುಳಿಯ ಎರಡೂ ಬದಿಗೆ ಫೋಮು ಕೂರಿಸಿದ.

ಮೂರು ವಾರಕ್ಕೆ ಅದೂ ಸಡಿಲವಾಯಿತು. "ಫೋಮು ಸುಮಾರಿಂದು ತಂದಿದ್ದೆ, ಕುಸದುಬಿಟ್ಟದ," ಎಂದ. ಇನ್ನೊಂದು ಸಲ, ಅಂಟು ಕಚ್ಚದೆ ಹಲಗೆ ಹೊರಕ್ಕೆ ಸರಿದಿದೆ ಎಂದ. ಪ್ರತಿ ಸಲವೂ ದೇವಿಂದ್ರಪ್ಪ ಬೈದರು, ಬೈಯುವಾಗ ಗೆಲುವಾಗಿದ್ದರು.

ದೀಪಾವಳಿ ಕಳೆದ ವಾರ ಅವರು ಆಟೋದಲ್ಲಿ ಬಂದರು. ಪರಿಮಳಾ ಹಿಡಿದುಕೊಂಡು ಗುಳಿಯಲ್ಲಿ ಕೂರಿಸಿದಳು. ಒಂದೊಂದು ಬದಿಗೆ ಒಂದೊಂದು ಮುಷ್ಟಿ ಹೋಗುವಷ್ಟು ಖಾಲಿ. ಪರಿಮಳಾ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಸರದಾರಸಾಬ ಗುಳಿಯ ಸುತ್ತ ಕೈಯಾಡಿಸುತ್ತ ತನ್ನದೊಂದು ತಪ್ಪು ಹುಡುಕಿದ. ಒಂದೂ ಸಿಗಲಿಲ್ಲ.

"ಈ ಸಲ ಯಾರ ತಪ್ಪಂತೀರಿ?" ದೇವಿಂದ್ರಪ್ಪ ಮೆಲ್ಲಗೆ ಕೇಳಿದರು.

"ನಂದೇ ರೀ."

"ಎಷ್ಟಂತ ನಿಮ್ಮ ಮ್ಯಾಲೇ ಹಾಕ್ಕೋತೀರಿ, ಸಾಬ್ರ? ಸಾಕು. ಎಬ್ಬಸ್ರಿ ನನ್ನ."

ಸರದಾರಸಾಬ ಬಗ್ಗಿ ಅವರ ಕಂಕುಳಿಗೆ ಎರಡೂ ಕೈ ಕೊಟ್ಟ. ಕಾಲೂರಿ, ಉಸಿರು ಬಿಗಿಹಿಡಿದು ಎತ್ತಿದ. ಭಾರವೇ ಇರಲಿಲ್ಲ. ಎತ್ತಿದ ರಭಸಕ್ಕೆ ತಾನೇ ಒಂದು ಹೆಜ್ಜೆ ಹಿಂದಕ್ಕೆ ತತ್ತರಿಸಿದ.

ಅವನ ಕೊರಳಿಗೆ ಜೋತುಬಿದ್ದು ದೇವಿಂದ್ರಪ್ಪ ಕೆಳಗಿನ ಗುಳಿಯನ್ನು ನೋಡಿದರು.

"ಅಂಚು ಭಾಳ ಚಂದ ಬಂದದ," ಎಂದರು.

ಅವರನ್ನು ಕೆಳಗಿಳಿಸಬೇಕೆಂಬುದು ಸರದಾರಸಾಬನಿಗೆ ಎಷ್ಟೋ ಹೊತ್ತು ಹೊಳೆಯಲಿಲ್ಲ.